ಎರಡನೆಯ ಬ್ರೇಕು

ಮೂವತ್ತೊಂದು ವರ್ಷ ಎಡಗಡೆಯ ಸೀಟಿನಲ್ಲೇ ಕೂತೆ,
ಕಿತಾಮಿಯ ಡ್ರೈವಿಂಗ್ ಶಾಲೆಯಲ್ಲಿ,
ಸ್ಟೀರಿಂಗ್ ಇಲ್ಲದ ಕಡೆ.
ನನ್ನ ಪಾಲಿಗಿದ್ದದ್ದು ಒಂದೇ ಪೆಡಲು:
ಕಲಿಯುವವರ ಕಾಲು ಮರೆತದ್ದನ್ನು
ನನ್ನ ಕಾಲು ನೆನೆಯಲೆಂದು.

ಪರೀಕ್ಷೆಯ ದಿನ ಅದನ್ನು ನಾನು ಒತ್ತಿದೆನೋ,
ನೀವು ನಪಾಸು.
ಮುಂದೆ ಮಾತಿಲ್ಲ.
ಈರುಳ್ಳಿ ಗೋದಾಮಿನ ಹುಡುಗಿ ಮಿಯಾಕೆ
ಮೂರು ಸಲ ಕೂತಳು, ಮೂರು ಸಲವೂ ಅದನ್ನೇ ಅಂದಳು:
"ನಾನೇ ಒತ್ತುತ್ತಿದ್ದೆ ಮೇಷ್ಟ್ರೇ, ಅಷ್ಟರಲ್ಲಿ ನೀವು..."
ಎಲ್ಲರೂ ಅನ್ನುತ್ತಿದ್ದದ್ದು ಅದೇ.
ನಾನು ಕಿಟಕಿಯಾಚೆ ನೋಡುತ್ತ
ಮುದ್ರೆ ಒತ್ತದ ಪುಸ್ತಕವನ್ನು
ಮಡಚಿ ಅವರ ಕೈಗಿಡುತ್ತಿದ್ದೆ.

ಈಗ ನನಗೆ ಎಪ್ಪತ್ತಮೂರು.
ತಂಗಿಯ ಮಗ ಹಿದೆಫುಮಿ ಕಾರು ಮಾರುವವನು,
ನನಗೂ ಒಂದನ್ನು ಮಾರಿದ.
"ಇದಕ್ಕೆ ಕಣ್ಣಿದೆ ಮಾವ. ತಾನೇ ಕಾಣುತ್ತೆ, ತಾನೇ ನಿಲ್ಲುತ್ತೆ."
ಕನ್ನಡಿಯ ಹಿಂದೆ ಎರಡು ಪುಟ್ಟ ಗಾಜು,
ಜೋಡಿ ಹೆಸರುಕಾಳಿನಷ್ಟು.
ಎಡಗಡೆಯ ಸೀಟು ಖಾಲಿ.
ಆದರೂ ಯಾರೋ ಕೂತು
ನನ್ನ ಕಾಲನ್ನೇ ನೋಡುತ್ತಿರುವ ಹಾಗೆ.

ಮೊದಲ ಚಳಿಗಾಲ, ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಮುಂದಿನ ಬಸ್ಸಿನ ಬಾಲದಿಂದ ಬೆಳ್ಳಗೆ ಎದ್ದ
ಹಬೆಯನ್ನು ಹೆಬ್ಬಂಡೆಯೆಂದು ತಿಳಿದು
ಗಕ್ಕನೆ ನಿಂತಿತು.
ಬೆಲ್ಟು ಎದೆ ಹಿಡಿಯಿತು. ಸೀಟಿನ ಮೇಲಿದ್ದ
ಮೀನಿನ ಪೊಟ್ಟಣ ಜಾರಿ ನೆಲಕ್ಕೆ.
ಹೆದರುಪುಕ್ಕ, ಅಂದೆ. ನಕ್ಕೆ ಕೂಡ.
ಕೆಲಸಕ್ಕೆ ಸೇರಿದ ವರ್ಷ
ಕಾಗೆಯ ನೆರಳಿಗೆ ಬ್ರೇಕ್ ಹಾಕಿದವನು ನಾನು.

ಜನವರಿಯಲ್ಲಿ ಹಿಮ ಮೆತ್ತಿಕೊಂಡಾಗ
ಕೆಂಪಕ್ಷರದಲ್ಲಿ ಒಪ್ಪಿಕೊಂಡಿತು:
ಮುಂದೆ ಕಾಣಿಸುತ್ತಿಲ್ಲ.
ಅಷ್ಟು ಸಲೀಸಾಗಿ.
ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ
ಆ ಮಾತು ಹೇಳಲಿಲ್ಲ ನಾನು,
ಕಣ್ಣಿಗೆ ಪೊರೆ ಬಂದ ವರ್ಷವೂ.

ಸ್ನಾನದ ಮನೆಯ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ
ಮುದುಕರೆಲ್ಲ ಇದನ್ನೇ ಮಾತಾಡುತ್ತೇವೆ.
ಕ್ಷೌರದ ನಿಶಿಕೋರಿ ಅದು ಕೂಗಿದಾಗಲೆಲ್ಲ
"ಹೂಂ, ಹೂಂ" ಅನ್ನುತ್ತಾನಂತೆ.
ಹಾಲಿನ ಲಾರಿಯವನು ದನಿ ಅಡಗಿಸಿಬಿಟ್ಟಿದ್ದಾನೆ.
ಟ್ಯಾಕ್ಸಿಯ ಓಬಾ ಮಾತ್ರ ಟವೆಲು ಹಿಂಡುತ್ತ,
ಒಂದು ಸಲ ಉಳಿಸಿತು, ಅಂದ.
ಯಾರನ್ನು ಅಂತ ಹೇಳಲಿಲ್ಲ.
ನಾವೂ ಕೇಳಲಿಲ್ಲ.

ಅಕ್ಟೋಬರ್. ಈರುಳ್ಳಿ ಲಾರಿಗಳ ತಿಂಗಳು.
ರಸ್ತೆಯುದ್ದಕ್ಕೂ ಕಂದು ಸಿಪ್ಪೆ ಹಾರುತ್ತಿತ್ತು.
ಹಳೆಯ ಶಾಲೆಯ ಬೇಲಿ ಬಂತು. ಒಳಗೆ
ಯಾವನೋ ಹೊಸಬ ನನ್ನ ಸೀಟಿನಲ್ಲಿ ಕೂತಿದ್ದ,
ಕೈಕಟ್ಟಿಕೊಂಡು. ಕೈಕಟ್ಟಬಾರದು,
ಅಂದುಕೊಂಡೆ, ಅಷ್ಟೇ ಹೊತ್ತು

ಕಾರು ಚೀರಿತು, ನಿಂತಿತು.
ಮೂತಿಯೆದುರು ಮಾರುದ್ದದಲ್ಲಿ ಒಬ್ಬ ಹುಡುಗ,
ಉರುಳಿಬಿದ್ದ ಈರುಳ್ಳಿ ಹೆಕ್ಕಲು ಕುಕ್ಕರಿಸಿದವನು.
ಎದ್ದ. ಈರುಳ್ಳಿಯನ್ನು ಎದೆಗವಚಿಕೊಂಡು
ತನ್ನದೇ ತಪ್ಪೆಂಬಂತೆ ಬಾಗಿ ನಮಸ್ಕರಿಸಿದ.
ಹೋದ.

ನನ್ನ ಬಾಯಿಗೆ ಮೊದಲು ಬಂದದ್ದು
ಸದ್ಯ ಉಳಿದ ಅಂತಲ್ಲ.
"ನಾನೇ ಒತ್ತುತ್ತಿದ್ದೆ" ಅಂತ.
ಗಟ್ಟಿಯಾಗಿ. ಖಾಲಿ ಸೀಟಿಗೆ.
ಸೀಟು ಕಿಟಕಿಯಾಚೆ ನೋಡುತ್ತಿತ್ತು.

ಬಗ್ಗಿ ನೋಡಿಕೊಂಡೆ: ಕಾಲು ಬ್ರೇಕಿನ ಮೇಲೇ ಇತ್ತು.
ಯಾವಾಗ ಬಂತೆಂದು ಕಾಲು ಹೇಳುವುದಿಲ್ಲ.
ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುವವರೆಗೂ
ಕೇಳುತ್ತಲೇ ಇದ್ದೆ.

ಮರುದಿನ ಗೋದಾಮಿಗೆ ಹೋದೆ, ಐದು ಕಿಲೋ ಬೇಕಿತ್ತು.
ಮಿಯಾಕೆ ಈಗ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ,
ಕೂದಲಲ್ಲಿ ಸಿಪ್ಪೆ, ಕೊರಳಲ್ಲಿ ಓದುಗನ್ನಡಕ.
ತೂಕ ಹಾಕಿ, ಮೇಲೆರಡು ಹಾಕಿದಳು.
"ಅವತ್ತು," ಅಂದೆ, "ನೀನೇ ಒತ್ತುತ್ತಿದ್ದೆಯೋ ಏನೋ."
ಚೀಲದ ಬಾಯಿ ಕಟ್ಟುತ್ತಿದ್ದವಳು
ತಲೆ ಎತ್ತಿದಳು.
"ಯಾವತ್ತು, ಮೇಷ್ಟ್ರೇ?"